ಇಂಪ್ಲಾಂಟ್ ಹಲ್ಲು ಎಷ್ಟು ವರ್ಷ ಬಾಳುತ್ತದೆ?

ಪ್ರಶ್ನೆ: ನನಗೆ 58 ವರ್ಷ. ಗೋಣಿಕೊಪ್ಪಲು ಹತ್ತಿರ ಕಾಫಿ ತೋಟವಿದೆ. ಕೆಳದವಡೆಯ ಎಡಗಡೆ ಕೊನೆಯ ಎರಡು ಹಲ್ಲುಗಳು ವಸಡಿನ ರೋಗದಿಂದ ಅಲುಗಾಡಿ, ಆರು ವರ್ಷದ ಹಿಂದೆ ಕೀಳಿಸಿದೆ. ಈಗ ಇಂಪ್ಲಾಂಟ್ ಹಾಕಿಸಿಕೊಳ್ಳಿ, ಜೀವಮಾನಪೂರ್ತಿ ಬರುತ್ತದೆ ಎನ್ನುತ್ತಿದ್ದಾರೆ. ಆದರೆ ನನ್ನ ಭಾವನಿಗೆ ಹಾಕಿದ ಎರಡರಲ್ಲಿ ಒಂದು ಐದನೇ ವರ್ಷಕ್ಕೆ ಕೈಗೇ ಬಂತು. ಅದಕ್ಕೆ ಮುಂಚೆ ನೋವೂ ಇರಲಿಲ್ಲವಂತೆ. ನನಗೆ ಶುಗರ್ ಇದೆ, ಹೋದ ತಿಂಗಳ ಎಚ್‌ಬಿಎ1ಸಿ 8.4. ಎಲೆ-ಅಡಿಕೆಯ ಜೊತೆ ಹೊಗೆಸೊಪ್ಪು ಹಾಕುವ ಅಭ್ಯಾಸವೂ ಇದೆ. ನಿಜವಾಗಿ ಎಷ್ಟು ವರ್ಷ ಬರುತ್ತದೆ? ದುಬಾರಿ ಕಂಪನಿಯದ್ದೇ ಹಾಕಿಸಬೇಕೆ?

ಉತ್ತರ: ಇಂಪ್ಲಾಂಟ್ ಎಂದರೆ ಹೋದ ಹಲ್ಲಿನ ಬೇರಿನ ಬದಲು ದವಡೆಯ ಮೂಳೆಯೊಳಗೆ ಕೂರಿಸುವ ಲೋಹದ ಗೂಟ, ಅದರ ಮೇಲೆ ಹಲ್ಲಿನ ಆಕಾರದ ಕ್ಯಾಪ್ ಬರುತ್ತದೆ. ಮೊದಲು ಅಂಕಿ ಹೇಳಿಬಿಡುತ್ತೇನೆ. ಹತ್ತು ವರ್ಷ ಕಳೆದ ಇಂಪ್ಲಾಂಟ್‌ಗಳ ಅಧ್ಯಯನಗಳನ್ನು ಒಟ್ಟಿಗಿಟ್ಟು ನೋಡಿದರೆ ನೂರಕ್ಕೆ ಸುಮಾರು 95 ಬಾಯಲ್ಲೇ ಉಳಿದಿರುತ್ತವೆ. ಇಪ್ಪತ್ತು ವರ್ಷದವರೆಗೆ ಹಿಂಬಾಲಿಸಿದ ಅಧ್ಯಯನಗಳು ಕಡಿಮೆ. ನಡುವೆ ತಪಾಸಣೆಗೆ ಬರುವುದನ್ನು ಬಿಟ್ಟವರನ್ನೂ ಲೆಕ್ಕಕ್ಕೆ ಹಿಡಿದರೆ ಐದರಲ್ಲಿ ನಾಲ್ಕು ಉಳಿಯುತ್ತವೆ ಎನ್ನಬಹುದು. ಸ್ವೀಡನ್ನಿನ ಪೆರ್-ಇಂಗ್ವಾರ್ ಬ್ರೋನೆಮಾರ್ಕ್ 1965ರಲ್ಲಿ ತಮ್ಮ ಮೊದಲ ರೋಗಿಯ ದವಡೆಗೆ ಕೂರಿಸಿದ ಟೈಟಾನಿಯಂ ಇಂಪ್ಲಾಂಟ್‌ಗಳು ಆತ ತೀರಿಕೊಳ್ಳುವವರೆಗೆ, ಅಂದರೆ 40 ವರ್ಷ ಕೆಲಸ ಮಾಡಿದವು. ಹಾಗಾಗಿ ಜೀವಮಾನಪೂರ್ತಿ ಎಂಬ ಮಾತು ಪೂರಾ ಸುಳ್ಳಲ್ಲ. ಆದರೆ ಬಂದವರಿಗೆಲ್ಲ ಕೊಡಬಹುದಾದ ಮಾತೂ ಅದಲ್ಲ.

ಆ 95ರ ಲೆಕ್ಕದಲ್ಲಿ ಒಂದು ಸಂಗತಿ ಕಣ್ಣಿಗೆ ಬೀಳುವುದಿಲ್ಲ. ಅಲ್ಲಿ ಎಣಿಸಿರುವುದು ಬಾಯಲ್ಲಿ ಇದೆಯೋ ಇಲ್ಲವೋ ಎಂಬುದನ್ನು ಮಾತ್ರ. ಸುತ್ತ ಕೀವಾಗಿದ್ದು, ಅರ್ಧ ಮೂಳೆ ಕರಗಿದ್ದರೂ ಬಿದ್ದಿಲ್ಲವಾದರೆ ಅದು 'ಉಳಿದ' ಇಂಪ್ಲಾಂಟೇ. ಆರೋಗ್ಯವಾಗಿದೆಯೇ ಎಂದು ಕೇಳಿದರೆ ಉತ್ತರ ಬೇರೆ ಬರುತ್ತದೆ: ಇಂಪ್ಲಾಂಟ್ ಹಾಕಿಸಿಕೊಂಡವರಲ್ಲಿ ಸರಿಸುಮಾರು ಐವರಲ್ಲಿ ಒಬ್ಬರಿಗೆ ಮುಂದೆ ಅದರ ಸುತ್ತಲಿನ ಮೂಳೆ ಸೋಂಕಿನಿಂದ ಕರಗುವ ರೋಗ ಬರುತ್ತದೆ. ಪೆರಿ-ಇಂಪ್ಲಾಂಟೈಟಿಸ್ ಎಂದು ಅದರ ಹೆಸರು. ಬಿಗಿಯಾಗಿ ಕೂತು ವರ್ಷಗಟ್ಟಲೆ ಕೆಲಸ ಮಾಡಿದ ಇಂಪ್ಲಾಂಟ್ ಕೈಗೆ ಬರಲು ಹೆಚ್ಚಾಗಿ ಇದೇ ಕಾರಣ.

ನಿಮ್ಮ ಭಾವನವರಿಗೆ ನೋವಿಲ್ಲದೆ ಬಂದದ್ದು ಆಶ್ಚರ್ಯವಲ್ಲ. ಸ್ವಂತ ಹಲ್ಲಿನ ಬೇರಿಗೂ ಮೂಳೆಗೂ ನಡುವೆ ಕಾಲು ಮಿಲಿಮೀಟರಿನಷ್ಟು ತೆಳುವಾದ ನಾರಿನ ಪದರ ಇರುತ್ತದೆ. ಅಕ್ಕಿಯಲ್ಲಿ ಸಿಕ್ಕ ಕಲ್ಲನ್ನು ಕಚ್ಚಿದ ಕೂಡಲೇ ಜುಮ್ಮೆನ್ನುವುದು ಆ ಪದರದ ನರಗಳಿಂದ. ಇಂಪ್ಲಾಂಟ್‌ಗೆ ಆ ಪದರವಿಲ್ಲ, ಮೂಳೆ ನೇರವಾಗಿ ಲೋಹಕ್ಕೆ ಬೆಸೆದಿರುತ್ತದೆ. ಮೇಲಿನ ವಸಡಿನ ಕಥೆಯೂ ಹಾಗೆಯೇ. ಹಲ್ಲಿನ ಸುತ್ತ ವಸಡಿನ ನಾರುಗಳು ಬೇರಿನ ಮೇಲ್ಮೈಗೆ ಚುಚ್ಚಿಕೊಂಡು ಹಿಡಿದಿರುತ್ತವೆ. ಇಂಪ್ಲಾಂಟ್‌ನ ಸುತ್ತ ಅವು ಅಂಗಿಯ ಕಾಲರ್ ಹಾಗೆ ಬಳಸಿ ನಿಂತಿರುತ್ತವೆ, ಒಳಕ್ಕೆ ಬೇರೂರಿರುವುದಿಲ್ಲ. ಹಲ್ಲಿಗೆ ಕಟ್ಟುವ ಬ್ಯಾಕ್ಟೀರಿಯಾದ ಪಾಚಿ ಒಮ್ಮೆ ಆ ಕಾಲರಿನ ಕೆಳಗೆ ಇಳಿದರೆ ಸೋಂಕು ಮೂಳೆಯವರೆಗೆ ಹೋಗುವುದು ಹಲ್ಲಿಗಿಂತ ಬೇಗ.

ಮಣ್ಣು ಸಡಿಲವಾದ ಬೇಲಿಗೂಟ ಕೈಯಿಟ್ಟರೆ ಅಲುಗುತ್ತದೆ. ಇಂಪ್ಲಾಂಟ್ ಹಾಗಲ್ಲ. 10 ಮಿಲಿಮೀಟರ್ ಉದ್ದದ ಇಂಪ್ಲಾಂಟ್‌ನ ಮೇಲಿನ 6 ಮಿಲಿಮೀಟರ್ ಮೂಳೆ ಹೋದರೂ ಕೆಳಗಿನ 4 ಮಿಲಿಮೀಟರಿನ ಮರೆಗಳು (ಸ್ಕ್ರೂವಿನ ಮೇಲಿರುವಂಥ ಸುತ್ತು ಗೀರುಗಳು) ಬಿಗಿಯಾಗಿ ಹಿಡಿದಿರುತ್ತವೆ. ಆದ್ದರಿಂದ 'ಗಟ್ಟಿಯಾಗಿದೆ, ನೋವಿಲ್ಲ' ಎಂಬ ಎರಡು ಮಾತನ್ನು ನಂಬಿ ಕೂರುವ ಹಾಗಿಲ್ಲ. ಅಲುಗಾಡತೊಡಗಿದ ದಿನ ಉಳಿಸಲು ಏನೂ ಉಳಿದಿರುವುದಿಲ್ಲ, ತೆಗೆಯುವುದೊಂದೇ ದಾರಿ. ನಂಬಬೇಕಾದ ಗುರುತು ರಕ್ತ. ಡಾಕ್ಟರು ಮಿಲಿಮೀಟರ್ ಗುರುತಿರುವ ತೆಳು ಕಡ್ಡಿಯನ್ನು ವಸಡಿನಂಚಿನಿಂದ ಮೆಲ್ಲಗೆ ಇಳಿಸಿದಾಗ ರಕ್ತ ಸಾಲಾಗಿ ಒಸರಿದರೆ ಅಲ್ಲಿ ಉರಿಯೂತವಿದೆ. ಮೂಳೆ ಇನ್ನೂ ಹೋಗಿಲ್ಲದಿದ್ದರೆ ಚೆನ್ನಾಗಿ ಶುಚಿ ಮಾಡಿದರೆ ಹೆಚ್ಚಾಗಿ ವಾಸಿಯಾಗುತ್ತದೆ. ಕಡ್ಡಿ 6 ಮಿಲಿಮೀಟರ್ ಅಥವಾ ಅದಕ್ಕಿಂತ ಹೆಚ್ಚು ಇಳಿದು, ಎಕ್ಸ್‌ರೇಯಲ್ಲಿ ಮೂಳೆ 3 ಮಿಲಿಮೀಟರ್ ಕೆಳಗೆ ಹೋಗಿದ್ದರೆ ಅದು ಪೆರಿ-ಇಂಪ್ಲಾಂಟೈಟಿಸ್. ಆಗ ವಸಡು ಬಿಡಿಸಿ, ಮರೆಗಳ ಸಂದಿ ಶುಚಿ ಮಾಡುವ ಶಸ್ತ್ರಚಿಕಿತ್ಸೆಯೇ ಬೇಕಾಗಬಹುದು. ಅಷ್ಟು ಮಾಡಿದರೂ ಕೆಲವರಿಗೆ ಮರುಕಳಿಸುತ್ತದೆ. ಬರೀ ಆಂಟಿಬಯಾಟಿಕ್ ಮಾತ್ರೆ ನುಂಗಿದರೆ ಕೀವು ನಾಲ್ಕು ದಿನ ತಗ್ಗುತ್ತದೆ, ರೋಗ ಅಲ್ಲೇ ಇರುತ್ತದೆ.

ಈಗ ನಿಮ್ಮ ವಿಷಯ. ನಿಮ್ಮ ಪತ್ರದಲ್ಲಿ ಮೂರು ತೊಡಕುಗಳು ಕಾಣುತ್ತವೆ. ನನ್ನ ಮಟ್ಟಿಗೆ ಇಂಪ್ಲಾಂಟ್‌ನ ಕಂಪನಿಗಿಂತ ಈ ಮೂರೂ ಮುಖ್ಯ.

ಒಂದು, ಹಲ್ಲು ಹೋದದ್ದು ವಸಡಿನ ರೋಗದಿಂದ. ಹುಳುಕಿನಿಂದ ಹಲ್ಲು ಕಳೆದುಕೊಂಡವರಿಗಿಂತ ವಸಡಿನ ರೋಗದಿಂದ ಕಳೆದುಕೊಂಡವರಲ್ಲಿ ಇಂಪ್ಲಾಂಟ್‌ನ ಸುತ್ತ ಮೂಳೆ ಕರಗುವುದು ಹೆಚ್ಚು. ರೋಗ ತಂದ ಬ್ಯಾಕ್ಟೀರಿಯಾ ಉಳಿದ ಹಲ್ಲುಗಳ ಬುಡದಲ್ಲಿ ಇನ್ನೂ ಮನೆಮಾಡಿಕೊಂಡಿರುತ್ತದೆ, ಹೊಸ ಇಂಪ್ಲಾಂಟ್‌ಗೂ ಹರಡುತ್ತದೆ. ಆದ್ದರಿಂದ ಮೊದಲು ಉಳಿದ ಹಲ್ಲುಗಳ ಗಾರೆ (ಗಟ್ಟಿಯಾದ ಪಾಚಿ) ತೆಗೆಸಿ, ಬೇರಿನವರೆಗೆ ಆಳವಾಗಿ ಶುಚಿ ಮಾಡಿಸಿ. ಆರರಿಂದ ಎಂಟು ವಾರ ಬಿಟ್ಟು ಮತ್ತೆ ಅಳತೆ ನೋಡಲಿ. 5 ಮಿಲಿಮೀಟರ್‌ಗಿಂತ ಆಳದ, ರಕ್ತ ಬರುವ ಸಂದಿಗಳು ಉಳಿದಿದ್ದರೆ ಇಂಪ್ಲಾಂಟ್ ದಿನ ಗೊತ್ತುಮಾಡಬೇಡಿ.

ಎರಡು, ಶುಗರ್. ಹಿಡಿತದಲ್ಲಿರುವ ಶುಗರ್ ಇಂಪ್ಲಾಂಟ್‌ಗೆ ಅಡ್ಡಿಯಲ್ಲ. ಎಚ್‌ಬಿಎ1ಸಿ 7ರ ಆಸುಪಾಸಿನಲ್ಲಿದ್ದವರಿಗೂ ಶುಗರ್ ಇಲ್ಲದವರಿಗೂ ಆರಂಭದ ವರ್ಷಗಳ ಫಲಿತಾಂಶದಲ್ಲಿ ದೊಡ್ಡ ವ್ಯತ್ಯಾಸವಿಲ್ಲ. 8 ದಾಟಿದರೆ ಗಾಯ ಮಾಯುವುದು, ಮೂಳೆ ಬೆಸೆಯುವುದು ಎರಡೂ ನಿಧಾನವಾಗುತ್ತವೆ, ಸೋಂಕು ಹತ್ತುವುದು ಸುಲಭವಾಗುತ್ತದೆ. ನಿಮ್ಮ 8.4ಕ್ಕೆ ಈಗಲೇ ಶಸ್ತ್ರಚಿಕಿತ್ಸೆ ಬೇಡ. ಈ ಪರೀಕ್ಷೆ ಹಿಂದಿನ ಮೂರು ತಿಂಗಳ ಸರಾಸರಿ ತೋರಿಸುವಂಥದ್ದು. ಹಾಗಾಗಿ ಇವತ್ತು ಪಥ್ಯ, ಮಾತ್ರೆ ಸರಿಪಡಿಸಿಕೊಂಡರೆ ಮೂರು ತಿಂಗಳಲ್ಲಿ ಗೊತ್ತಾಗುತ್ತದೆ. 7.5ರ ಕೆಳಗೆ ಬಂದರೆ ಮುಂದುವರಿಯಬಹುದು, 7 ಆದರೆ ಇನ್ನೂ ಒಳ್ಳೆಯದು. ಶಸ್ತ್ರಚಿಕಿತ್ಸೆಯ ದಿನ ಬೆಳಗಿನ ತಿಂಡಿ ತಿಂದು, ಮಾತ್ರೆ ತಪ್ಪಿಸದೆ, ಬೆಳಗಿನ ಹೊತ್ತಿಗೇ ಹೋಗಿ. ಹೊಟ್ಟೆ ಖಾಲಿಯಿಟ್ಟುಕೊಂಡು ಹೋಗಿ ಕುರ್ಚಿಯಲ್ಲೇ ಶುಗರ್ ಇಳಿದು ತಲೆಸುತ್ತುವುದು ಆಗಾಗ ಆಗುವ ತಪ್ಪು.

ಮೂರು, ಹೊಗೆಸೊಪ್ಪು. ಸೇದುವವರಲ್ಲಿ ಇಂಪ್ಲಾಂಟ್ ಸೋಲುವ ಪ್ರಮಾಣ ಸೇದದವರಿಗಿಂತ ಹೆಚ್ಚುಕಡಿಮೆ ಎರಡು ಪಟ್ಟು ಎಂದು ಬಹಳಷ್ಟು ಅಧ್ಯಯನಗಳು ತೋರಿಸಿವೆ. ನಿಕೋಟಿನ್ ವಸಡಿನ ಸಣ್ಣ ರಕ್ತನಾಳಗಳನ್ನು ಕುಗ್ಗಿಸುತ್ತದೆ, ಅದು ಹೊಗೆಯಿಂದ ಬಂದರೂ ಸೊಪ್ಪಿನಿಂದ ಬಂದರೂ ಅಷ್ಟೇ. ನಾಳ ಕುಗ್ಗಿದಾಗ ರಕ್ತ ಒಸರುವುದೂ ಕಡಿಮೆಯಾಗುವುದರಿಂದ, ಮೇಲೆ ಹೇಳಿದ ಎಚ್ಚರಿಕೆಯ ಗುರುತೇ ಮುಚ್ಚಿಹೋಗುತ್ತದೆ. ಅಗಿಯುವವರಿಗೆ ಇನ್ನೊಂದು ತೊಂದರೆ ಇದೆ: ಎಲೆ-ಅಡಿಕೆಯ ಉಂಡೆಯನ್ನು ಹೆಚ್ಚಿನವರು ಒಂದೇ ಕೆನ್ನೆಯ ಸಂದಿಯಲ್ಲಿ ಇಟ್ಟುಕೊಳ್ಳುತ್ತಾರೆ. ಅದು ಎಡಗಡೆಯಾದರೆ ಸುಣ್ಣ, ಹೊಗೆಸೊಪ್ಪು ಎರಡೂ ಇಂಪ್ಲಾಂಟ್‌ನ ವಸಡಿಗೇ ತಾಗಿ ಕೂರುತ್ತವೆ. ಅಡಿಕೆಯಿಂದ ಕೆನ್ನೆಯ ಒಳಪದರ ಬಿಗಿದು ಬಾಯಿ ತೆರೆಯುವುದು ಕಡಿಮೆಯಾಗುವ ರೋಗವೂ ಇದೆ. ಕನ್ನಡಿಯ ಮುಂದೆ ನಿಂತು ನಿಮ್ಮ ಮೂರು ಬೆರಳು ಜೋಡಿಸಿ ಮೇಲಿನ ಮತ್ತು ಕೆಳಗಿನ ಮುಂಬಾಚಿಗಳ ನಡುವೆ ನೆಟ್ಟಗೆ ಹಿಡಿದು ನೋಡಿ. ಹೋಗದಿದ್ದರೆ ಹಿಂದಿನ ದವಡೆಗೆ ಡ್ರಿಲ್ ನೇರವಾಗಿ ಇಳಿಸುವುದೇ ಕಷ್ಟ. ಅದಕ್ಕಿಂತ ಮುಖ್ಯವಾಗಿ, ಆ ಬಿಗಿತ ಮುಂದೆ ಕ್ಯಾನ್ಸರಿಗೆ ತಿರುಗಬಹುದಾದ ಸ್ಥಿತಿ, ತಡಮಾಡದೆ ತೋರಿಸಬೇಕು. ಕೆನ್ನೆಯ ಒಳಗೆ ಬಿಳಿ ಅಥವಾ ಕೆಂಪು ತೇಪೆ, ಎರಡು ವಾರ ಕಳೆದರೂ ಮಾಯದ ಹುಣ್ಣು ಇದ್ದರೂ ಹಾಗೆಯೇ.

ಹೊಗೆಸೊಪ್ಪು ಬಿಡಲು ಆಗುವುದೇ ಇಲ್ಲ ಎನ್ನುವುದಾದರೆ ಇಂಪ್ಲಾಂಟ್ ಬೇಡ ಎಂದೇ ನಾನು ಹೇಳುತ್ತೇನೆ. ಕೊನೆಯ ಎರಡು ಹಲ್ಲುಗಳಿಲ್ಲದೆಯೂ ಉಳಿದವುಗಳಲ್ಲಿ 20 ಹಲ್ಲು ಮೇಲೆ-ಕೆಳಗೆ ಸರಿಯಾಗಿ ಕೂಡಿಕೊಂಡರೆ ಕಡುಬು, ರೊಟ್ಟಿ, ಮಾಂಸ ಎಲ್ಲವನ್ನೂ ತಿನ್ನಬಹುದು. ಬೇಕಿದ್ದರೆ ತೆಗೆದಿಡುವ ಹಲ್ಲಿನ ಸೆಟ್ ಇದೆ. ಆ ಜಾಗದ ಹಿಂದೆ ಆಧಾರಕ್ಕೆ ಹಲ್ಲಿಲ್ಲದ ಕಾರಣ ಸೇತುವೆ ಕಟ್ಟುವ ಹಲ್ಲು ನಿಮಗೆ ಹೊಂದುವುದಿಲ್ಲ.

ಇನ್ನು ಮೂಳೆ. ಹಲ್ಲು ಕಿತ್ತ ಮೊದಲ ವರ್ಷದಲ್ಲೇ ಆ ಜಾಗದ ಮೂಳೆಯ ಅಗಲ ಅರ್ಧಕ್ಕರ್ಧ ಕಡಿಮೆಯಾಗುತ್ತದೆ. ನಿಮಗೆ ಆರು ವರ್ಷವಾಗಿದೆ. 4 ಮಿಲಿಮೀಟರ್ ದಪ್ಪದ ಇಂಪ್ಲಾಂಟ್‌ಗೆ ಎರಡೂ ಬದಿ ಕನಿಷ್ಠ ಒಂದೂವರೆ ಮಿಲಿಮೀಟರ್ ಮೂಳೆ ಬೇಕೆಂದರೆ ಒಟ್ಟು 7 ಮಿಲಿಮೀಟರ್ ಅಗಲ ಬೇಕು. ಕೆಳಗೆ ತುಟಿಗೆ ಹೋಗುವ ನರದಿಂದ 2 ಮಿಲಿಮೀಟರ್ ಮೇಲೇ ಇಂಪ್ಲಾಂಟ್‌ನ ತುದಿ ನಿಲ್ಲಬೇಕು. ಇದನ್ನು ಮಾಮೂಲಿ ಎಕ್ಸ್‌ರೇ ಹೇಳುವುದಿಲ್ಲ, ದವಡೆಯನ್ನು ಮೂರು ಆಯಾಮದಲ್ಲಿ ತೋರಿಸುವ ಸಿಬಿಸಿಟಿ ಸ್ಕ್ಯಾನ್ ಬೇಕು. ಸ್ಕ್ಯಾನ್ ಇಲ್ಲದೆ ಹಿಂದಿನ ಕೆಳದವಡೆಗೆ ಕೂರಿಸುತ್ತೇನೆ ಎನ್ನುವವರಲ್ಲಿ ಒಪ್ಪಿಕೊಳ್ಳಬೇಡಿ. ಮೂಳೆ ಸಾಲದಿದ್ದರೆ ಮೂಳೆ ಪುಡಿ ಸೇರಿಸಿ ಅಗಲ ಮಾಡಬಹುದು. ಎತ್ತರ ಸಾಲದಿದ್ದರೆ 6 ಮಿಲಿಮೀಟರಿನ ಗಿಡ್ಡ ಇಂಪ್ಲಾಂಟ್ ಕೂಡ ಕೆಳದವಡೆಯಲ್ಲಿ ಚೆನ್ನಾಗಿಯೇ ನಡೆಯುತ್ತದೆ.

ಕೂರಿಸಿದ ಮೊದಲ ಎರಡು ಮೂರು ತಿಂಗಳಲ್ಲೇ ಸೋಲುವ ಇಂಪ್ಲಾಂಟ್‌ಗಳ ಕಾರಣ ಬೇರೆ. ಅವು ಮೂಳೆಗೆ ಬೆಸೆದೇ ಇರುವುದಿಲ್ಲ. ಡ್ರಿಲ್ ಮಾಡುವಾಗ ಮೂಳೆ 47 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಂದು ನಿಮಿಷ ಇದ್ದರೆ ಸಾಕು, ಅದಕ್ಕೆ ಪೆಟ್ಟಾಗುತ್ತದೆ. ಅದಕ್ಕೇ ಸಲೈನ್ ಧಾರೆ ಬಿಡುತ್ತಾ, ಹರಿತವಾದ ಡ್ರಿಲ್‌ನಿಂದ, ಎತ್ತಿ ಇಳಿಸಿ ಮಾಡುವುದು. ಕೆಳದವಡೆಯ ಮೂಳೆ ಗಟ್ಟಿಯಾದ್ದರಿಂದ ಬಿಸಿಯಾಗುವ ಭಯ ಅಲ್ಲೇ ಜಾಸ್ತಿ. ಆಮೇಲೆ ಮೂರನೇ-ನಾಲ್ಕನೇ ವಾರ ನಾಜೂಕಾದ ಕಾಲ: ಹಳೆಯ ಮೂಳೆಯ ಹಿಡಿತ ಸಡಿಲವಾಗಿ ಹೊಸ ಮೂಳೆ ಇನ್ನೂ ಗಟ್ಟಿಯಾಗಿರುವುದಿಲ್ಲ. ಹೊರಗಿನ ಗಾಯ ಮಾಯಿತೆಂದು ಆ ಕಡೆ ಅಗಿಯಲು ಹೋಗುವುದು ಆ ಹೊತ್ತಿಗೇ. ಕೆಳದವಡೆಗೆ ಸಾಮಾನ್ಯವಾಗಿ ಮೂರು ತಿಂಗಳು ಕಾಯಬೇಕು. ಮೂಳೆ ಪುಡಿ ಹಾಕಿದ್ದರೆ ಇನ್ನೂ ಹೆಚ್ಚು. ನಿಮಗೆ ಅದೇ ದಿನ ಹಲ್ಲು ಕೂರಿಸುವ ಅವಸರದ ಅಗತ್ಯವೇ ಇಲ್ಲ.

ಎಲುಬು ಟೊಳ್ಳಾಗುವ ರೋಗಕ್ಕೆ (ಆಸ್ಟಿಯೊಪೊರೋಸಿಸ್) ವಾರಕ್ಕೊಂದು ಮಾತ್ರೆ ಅಥವಾ ಆರು ತಿಂಗಳಿಗೊಂದು ಇಂಜೆಕ್ಷನ್ ತೆಗೆದುಕೊಳ್ಳುತ್ತಿದ್ದರೆ, ಕ್ಯಾನ್ಸರ್‌ಗೆ ದವಡೆಯ ಭಾಗದಲ್ಲಿ ರೇಡಿಯೇಷನ್ ಆಗಿದ್ದರೆ ತಪ್ಪದೆ ಮೊದಲೇ ಹೇಳಿ. ರಕ್ತ ತೆಳುವಾಗಿಸುವ ಮಾತ್ರೆ ಇದ್ದರೆ ನೀವಾಗಿ ನಿಲ್ಲಿಸಬೇಡಿ.

ಮೇಲೆ ಕೂರಿಸುವ ಹಲ್ಲಿನ ಬಗ್ಗೆ ಕೇಳುವವರು ಕಡಿಮೆ, ಆದರೆ ಆಯಸ್ಸಿನ ಅರ್ಧ ಅಲ್ಲಿದೆ. ಕ್ಯಾಪನ್ನು ಎರಡು ರೀತಿ ಹಿಡಿಸುತ್ತಾರೆ: ಸಿಮೆಂಟ್ ಹಾಕಿ ಅಂಟಿಸುವುದು ಅಥವಾ ಸ್ಕ್ರೂ ಹಾಕಿ ಬಿಗಿಯುವುದು. ಸಿಮೆಂಟ್ ಹಾಕಿ ಒತ್ತುವಾಗ ಹೆಚ್ಚಾದದ್ದು ವಸಡಿನ ಕೆಳಗೆ ನುಗ್ಗುತ್ತದೆ. ಅಲ್ಲಿ ಸಾಸಿವೆಕಾಳಿನ ಅರ್ಧದಷ್ಟು ತುಣುಕು ಉಳಿದರೂ ಸಾಕು, ಗಾರೆಯ ಹಾಗೆ ಪಾಚಿಗೆ ಆಸರೆಯಾಗಿ, ಎರಡು ಮೂರು ವರ್ಷದ ಮೇಲೆ ಕೀವಾಗುತ್ತದೆ. ಎಕ್ಸ್‌ರೇಯಲ್ಲಿ ಎಲ್ಲ ಸಿಮೆಂಟೂ ಕಾಣುವುದಿಲ್ಲ. ವಸಡಿನ ರೋಗ ಬಂದುಹೋದ ಬಾಯಿಗೆ ಸ್ಕ್ರೂ ಕ್ಯಾಪೇ ಒಳ್ಳೆಯದು, ಕೇಳಿ ಹಾಕಿಸಿಕೊಳ್ಳಿ. ಅಗಿಯುವ ಮೇಲ್ಮೈಯಲ್ಲಿ ಬಿಳಿ ಫಿಲ್ಲಿಂಗ್ ಮುಚ್ಚಿದ ಸಣ್ಣ ತೂತು ಕಾಣುತ್ತದೆ, ಅಷ್ಟೇ. ಬೇಕಾದಾಗ ಅಲ್ಲಿಂದ ಬಿಚ್ಚಿ ಶುಚಿ ಮಾಡಿ ಮತ್ತೆ ಬಿಗಿಯಬಹುದು. ಸ್ಕ್ರೂವನ್ನು ಕೈಯಂದಾಜಿನಲ್ಲಿ ಬಿಗಿಯಬಾರದು. ಬಿಗಿತ ಅಳೆಯುವ ಟಾರ್ಕ್ ರೆಂಚ್‌ನಲ್ಲಿ ಕಂಪನಿ ಹೇಳಿದಷ್ಟು, ಬಹಳಷ್ಟಕ್ಕೆ 25ರಿಂದ 35 ನ್ಯೂಟನ್ ಸೆಂಟಿಮೀಟರ್, ಬಿಗಿದು ಹತ್ತು ನಿಮಿಷ ಬಿಟ್ಟು ಅದೇ ಅಳತೆಗೆ ಇನ್ನೊಮ್ಮೆ ಬಿಗಿಯಬೇಕು. ಮೊದಲ ಬಿಗಿತದಲ್ಲಿ ಮರೆಗಳ ಉಬ್ಬುತಗ್ಗು ಒತ್ತಿಕೊಂಡು ಸ್ವಲ್ಪ ಸಡಿಲವಾಗುತ್ತದೆ, ಆ ಎರಡನೆಯದನ್ನು ಬಿಟ್ಟರೆ ಕೆಲ ತಿಂಗಳಲ್ಲಿ ಕ್ಯಾಪ್ ಅಲುಗಬಹುದು.

ಕ್ಯಾಪ್ ಸಣ್ಣಗೆ ತಿರುಗಿದ ಹಾಗೆ, ಟಕ್ಕೆಂದ ಹಾಗೆ ಆದರೆ ಹೆಚ್ಚಾಗಿ ಸಡಿಲವಾಗಿರುವುದು ಆ ಸ್ಕ್ರೂ, ಇಂಪ್ಲಾಂಟ್ ಅಲ್ಲ. ಗಾಬರಿ ಬೇಡ, ಆದರೆ ಕಾಫಿ ಕುಯ್ಲು ಮುಗಿಯಲಿ ಎಂದು ಮುಂದೂಡಲೂ ಬೇಡ. ಸಡಿಲ ಸ್ಕ್ರೂ ಮೇಲೆ ಅಗಿದರೆ ಅದು ಒಳಗೇ ಮುರಿಯುತ್ತದೆ. ಮುರಿದ ತುಂಡು ಹೊರಬರದಿದ್ದರೆ ಗಟ್ಟಿಯಾಗಿರುವ ಇಂಪ್ಲಾಂಟನ್ನೇ ತೆಗೆಯುವ ಪರಿಸ್ಥಿತಿ ಬರುತ್ತದೆ. ವಾರದೊಳಗೆ ತೋರಿಸಿ, ಅಲ್ಲಿಯವರೆಗೆ ಇನ್ನೊಂದು ಬದಿಯಲ್ಲಿ ಅಗಿಯಿರಿ.

ರಾತ್ರಿ ಹಲ್ಲು ಕಡಿಯುವ ಅಭ್ಯಾಸವಿದ್ದರೆ ನೈಟ್ ಗಾರ್ಡ್ ಬೇಕೇ ಬೇಕು. ಎರಡು ಹಲ್ಲಿನ ಜಾಗಕ್ಕೆ ಎರಡು ಇಂಪ್ಲಾಂಟ್ ಹಾಕಿಸಿ. ಒಂದೇ ಹಾಕಿ ಇನ್ನೊಂದು ಹಲ್ಲನ್ನು ಹಿಂದಕ್ಕೆ ತೂಗುಬಿಡುವುದು, ಅಥವಾ ಮುಂದಿನ ಸ್ವಂತ ಹಲ್ಲಿಗೆ ಜೋಡಿಸುವುದು ಉಳಿತಾಯದಂತೆ ಕಂಡರೂ ಸ್ಕ್ರೂಗೆ ಭಾರ.

ಕಂಪನಿಯ ಪ್ರಶ್ನೆಗೆ ಉತ್ತರ ಚಿಕ್ಕದು. ಈಗಿನ ಇಂಪ್ಲಾಂಟ್‌ಗಳು ಬಹುಪಾಲು ಟೈಟಾನಿಯಂ ಅಥವಾ ಅದರ ಮಿಶ್ರಲೋಹ, ಮೇಲ್ಮೈ ಸಣ್ಣಗೆ ತರಿತರಿ ಮಾಡಿದ್ದು. ಹೆಸರಾಂತ ಕಂಪನಿಗಳಿಗೆ ಹತ್ತಿಪ್ಪತ್ತು ವರ್ಷದ ದಾಖಲೆ ಇದೆ. ಕಡಿಮೆ ಬೆಲೆಯ ಹಲವಕ್ಕೆ ಅಷ್ಟಿಲ್ಲ. ನಾನು ಹೆಚ್ಚು ತೂಕ ಕೊಡುವುದು ಬಿಡಿಭಾಗಕ್ಕೆ: ಹದಿನೈದು ವರ್ಷದ ಮೇಲೆ ಸ್ಕ್ರೂ ಮುರಿದರೆ ಅದೇ ಅಳತೆಯ ಸ್ಕ್ರೂ, ಅದಕ್ಕೆ ಹೊಂದುವ ಡ್ರೈವರ್ ಸಿಗಬೇಕು. 'ಲೈಫ್‌ಟೈಮ್ ವಾರಂಟಿ' ಎಂದರೆ ಸಾಮಾನ್ಯವಾಗಿ ಕಂಪನಿ ಇನ್ನೊಂದು ಇಂಪ್ಲಾಂಟ್ ಕೊಡುತ್ತದೆ ಎಂದಷ್ಟೇ ಅರ್ಥ. ಹೋದ ಮೂಳೆ, ಮತ್ತೆ ಮಾಡುವ ಶಸ್ತ್ರಚಿಕಿತ್ಸೆ, ಕ್ಯಾಪಿನ ಖರ್ಚು ಅದರಲ್ಲಿ ಬರುವುದಿಲ್ಲ. ಇಂಪ್ಲಾಂಟ್ ಡಬ್ಬಿಯ ಮೇಲೆ ಹೆಸರು, ದಪ್ಪ, ಉದ್ದ, ಲಾಟ್ ನಂಬರ್ ಇರುವ ಸ್ಟಿಕರ್ ಇರುತ್ತದೆ. ಅದನ್ನು ಕಾರ್ಡಿಗೆ ಅಂಟಿಸಿ ಕೊಡಲು ಹೇಳಿ, ಮೊಬೈಲಿನಲ್ಲಿ ಒಂದು ಫೋಟೋ ಇಟ್ಟುಕೊಳ್ಳಿ. ಮೈಸೂರಿನಲ್ಲೋ ಮಂಗಳೂರಿನಲ್ಲೋ ಹಾಕಿಸಿಕೊಂಡು ಬಂದವರು ಇಲ್ಲಿ ತೋರಿಸುವಾಗ ಡಾಕ್ಟರಿಗೆ ಮೊದಲು ಬೇಕಾಗುವುದು ಅದೇ.

ಈ ದೂರದ ವಿಷಯ ಕೊಡಗಿನವರಿಗೆ ಸಣ್ಣದಲ್ಲ. ಕೂರಿಸುವುದು ಒಂದು ದಿನದ ಕೆಲಸ. ತಪಾಸಣೆ ಬದುಕಿರುವವರೆಗೆ. ನಿಮ್ಮಂಥ ಬಾಯಿಗೆ ಮೂರರಿಂದ ನಾಲ್ಕು ತಿಂಗಳಿಗೊಮ್ಮೆ, ಬೇರೆಯವರಿಗೆ ಆರು ತಿಂಗಳಿಗೊಮ್ಮೆ. ಪ್ರತಿ ಸಲ ಮೈಸೂರಿಗೆ ಹೋಗಬೇಕಾದರೆ ಎರಡನೇ ವರ್ಷಕ್ಕೆ ಯಾರಾದರೂ ಬಿಟ್ಟುಬಿಡುತ್ತಾರೆ. ಆದ್ದರಿಂದ ಹತ್ತಿರದಲ್ಲೇ ಮಾಡಿಸಿ, ಇಲ್ಲವೇ ತಪಾಸಣೆಗಾದರೂ ಹತ್ತಿರದವರನ್ನು ಗೊತ್ತುಮಾಡಿಕೊಳ್ಳಿ. ವಿರಾಜಪೇಟೆಯಲ್ಲಿ ದಂತ ವೈದ್ಯಕೀಯ ಕಾಲೇಜೇ ಇದೆ, ಗೋಣಿಕೊಪ್ಪಲಿನಿಂದ ಅರ್ಧ ಗಂಟೆಯ ದಾರಿ. ಕ್ಯಾಪ್ ಕೂರಿಸಿದ ದಿನದ ಎಕ್ಸ್‌ರೇ ನಿಮ್ಮ ಕೈಯಲ್ಲಿರಲಿ, ಮುಂದಿನದನ್ನೆಲ್ಲ ಹೋಲಿಸುವುದು ಅದಕ್ಕೇ. ಮೊದಲ ವರ್ಷ ಒಂದು, ಒಂದೂವರೆ ಮಿಲಿಮೀಟರ್ ಮೂಳೆ ಇಳಿಯುವುದು ಸಹಜ. ಆಮೇಲೆ ವರ್ಷಕ್ಕೆ 0.2 ಮಿಲಿಮೀಟರ್‌ಗಿಂತ ಹೆಚ್ಚು ಇಳಿಯುತ್ತಿದ್ದರೆ ಕಾರಣ ಹುಡುಕಬೇಕು.

ಮನೆಯಲ್ಲಿ ಮಾಡಬೇಕಾದದ್ದು ರಾತ್ರಿ ಐದು ನಿಮಿಷದ ಕೆಲಸ. ಮೆತ್ತನೆಯ ಬ್ರಷ್‌ನಿಂದ ಉಜ್ಜಿದ ಮೇಲೆ, ಹಲ್ಲಿನ ಸಂದಿಗೆಂದೇ ಸಿಗುವ ಸಣ್ಣ ಬ್ರಷ್ ತೆಗೆದುಕೊಂಡು ಕ್ಯಾಪಿನ ಬುಡದಲ್ಲಿ ಕೆನ್ನೆ ಕಡೆಯಿಂದ ಎರಡು ಸಲ, ನಾಲಿಗೆ ಕಡೆಯಿಂದ ಎರಡು ಸಲ ಆಡಿಸಿ. ತಂತಿಗೆ ಪ್ಲಾಸ್ಟಿಕ್ ಹೊದಿಸಿದ್ದೇ ಬೇಕು, ಬರೀ ತಂತಿ ಟೈಟಾನಿಯಂ ಗೀರುತ್ತದೆ. ಕೂದಲು ಸಂದಿಯ ಎರಡೂ ಗೋಡೆಗೆ ತಾಗಬೇಕು, ತಂತಿ ಒತ್ತಬಾರದು. ಹಾಗಿರುವ ಅಳತೆ ಡಾಕ್ಟರೇ ಆರಿಸಿಕೊಡಲಿ. ಎರಡು ಕ್ಯಾಪ್ ಕೂಡಿಸಿ ಮಾಡಿದ್ದರೆ ನಡುವೆ ಸೂಪರ್ ಫ್ಲಾಸ್ ಎಂಬ ಶುಚಿ ಮಾಡುವ ದಾರ ತೂರಿಸಬೇಕು. ಬ್ರಷ್ ಹೊರತೆಗೆದಾಗ ತುದಿ ಗುಲಾಬಿಯಾಗಿದ್ದರೆ ಅದು ರಕ್ತ. ಒಂದು ವಾರ ಬಿಡದೆ ಶುಚಿ ಮಾಡಿಯೂ ನಿಲ್ಲದಿದ್ದರೆ ತಪಾಸಣೆಯ ದಿನಕ್ಕೆ ಕಾಯದೆ ಹೋಗಿ. ಕ್ಲೋರ್‌ಹೆಕ್ಸಿಡಿನ್ ಬಾಯಿ ತೊಳೆಯುವ ನೀರು ಶಸ್ತ್ರಚಿಕಿತ್ಸೆಯ ನಂತರ ಹತ್ತು-ಹದಿನಾಲ್ಕು ದಿನಕ್ಕೆ ಮಾತ್ರ, ವರ್ಷಗಟ್ಟಲೆ ಬಳಸಿದರೆ ಹಲ್ಲು ಕಂದುಗಟ್ಟುತ್ತದೆ.

ಕೆಲವು ವರ್ಷದ ಮೇಲೆ ಪಂದಿ ಕರಿಯ ಎಳೆ ಇಂಪ್ಲಾಂಟ್‌ಗೂ ಮುಂದಿನ ಹಲ್ಲಿಗೂ ನಡುವೆ ಹೊಸದಾಗಿ ಸಿಕ್ಕಿಕೊಳ್ಳಲು ಶುರುವಾದರೆ ಅದಕ್ಕೂ ಕಾರಣವಿದೆ. ಸ್ವಂತ ಹಲ್ಲುಗಳು ವಯಸ್ಸಾದಂತೆ ಮುಂದಕ್ಕೆ ಸರಿಯುತ್ತವೆ, ಇಂಪ್ಲಾಂಟ್ ನಿಂತಲ್ಲೇ ನಿಲ್ಲುತ್ತದೆ, ನಡುವೆ ಸಂದಿ ಬೀಳುತ್ತದೆ. ಬೆಂಕಿಕಡ್ಡಿಯಿಂದ ಕೆದಕಬೇಡಿ, ಅದರ ಸೀಳು ವಸಡಿನೊಳಗೆ ಉಳಿಯುತ್ತದೆ. ಸ್ಕ್ರೂ ಕ್ಯಾಪ್ ಆದರೆ ಬಿಚ್ಚಿ, ಲ್ಯಾಬಿನಲ್ಲಿ ಬದಿಗೆ ಸೆರಾಮಿಕ್ ಸೇರಿಸಿ ಮತ್ತೆ ಕೂರಿಸಬಹುದು.

ದಿನದ ಲೆಕ್ಕ ಹೀಗೆ ಹಾಕಿಕೊಳ್ಳಿ. ಕುಯ್ಲು ಮುಗಿಯುವಷ್ಟರಲ್ಲಿ ಹೊಗೆಸೊಪ್ಪು ಬಿಟ್ಟು, ಶುಗರ್ ಇಳಿಸಿ, ವಸಡಿನ ಚಿಕಿತ್ಸೆ ಮುಗಿಸಿ. ಮಾರ್ಚ್-ಏಪ್ರಿಲ್‌ನಲ್ಲಿ ಇಂಪ್ಲಾಂಟ್ ಕೂರಿಸಿದರೆ ಏಳರಿಂದ ಹತ್ತನೇ ದಿನಕ್ಕೆ ಹೊಲಿಗೆ ಬಿಚ್ಚುವುದು ಮಳೆಗಾಲಕ್ಕೆ ಮೊದಲೇ ಆಗಿರುತ್ತದೆ. ಕ್ಯಾಪಿನ ಸಮಯ ಜುಲೈಗೆ ಬಂದು, ಮಳೆ ಜೋರಾಗಿ ದಾರಿ ಕೆಟ್ಟಿದ್ದರೆ ಸೆಪ್ಟೆಂಬರ್‌ಗೆ ಹಾಕಿ. ವಸಡಿನ ಕೆಳಗೆ ಮುಚ್ಚಿಟ್ಟ ಇಂಪ್ಲಾಂಟ್ ಎರಡು ತಿಂಗಳು ಹೆಚ್ಚು ಕಾದರೆ ನಷ್ಟವಿಲ್ಲ.

ಇನ್ನು ನಿಮ್ಮ ಭಾವನವರ ಬಾಯಲ್ಲಿ ಉಳಿದಿರುವ ಇನ್ನೊಂದು ಇಂಪ್ಲಾಂಟ್. ಒಂದೇ ಬಾಯಿ, ಒಂದೇ ಪಾಚಿ, ಬಹುಶಃ ಒಂದೇ ರೀತಿಯ ಕ್ಯಾಪ್. ಅದು ಗಟ್ಟಿಯಾಗಿದೆ ಎಂದು ಅವರು ಹೇಳಿದರೂ ಈ ವಾರವೇ ಕರೆದುಕೊಂಡು ಹೋಗಿ, ಸುತ್ತ ಆರು ಕಡೆ ಕಡ್ಡಿ ಇಳಿಸಿ ಅಳತೆ ಬರೆಸಿ, ಒಂದು ಎಕ್ಸ್‌ರೇ ತೆಗೆಸಿ. ಬಿದ್ದ ಜಾಗಕ್ಕೆ ಹೊಸದನ್ನು ಹಾಕುವ ಮಾತು ಅದಾದ ಮೇಲೆ. ಎರಡನೇ ಸಲ ಹಾಕಿದವು ಉಳಿಯುವ ಪ್ರಮಾಣ ಮೊದಲ ಸಲಕ್ಕಿಂತ ಕಡಿಮೆ, ಹಾಗಾಗಿ ಮೊದಲನೆಯದು ಏಕೆ ಬಂತೆಂದು ಗೊತ್ತಾಗದೆ ಅಲ್ಲಿಗೆ ಇನ್ನೊಂದನ್ನು ಕೂರಿಸಬಾರದು.